ಓನರಮ್ಮನ ಡಜನ್

ಅವರು ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಒಂಬತ್ತು ವರ್ಷದಿಂದ ಅವರ ವಠಾರದಲ್ಲಿ ಬಾಡಿಗೆಗಿದ್ದೇನೆ, ದಿನಕ್ಕೆ ನಾಲ್ಕು ಸಲವಾದರೂ ಅವರ ಅಂಗಡಿಯ ಮುಂದೆ ಹಾದಿದ್ದೇನೆ. ಯಾವಾಗ ನೋಡಿದರೂ ನಿಂತಿರುತ್ತಿದ್ದರು, ಇಲ್ಲವೇ ಬಗ್ಗಿರುತ್ತಿದ್ದರು, ಇಲ್ಲವೇ ಅತ್ತಿಂದಿತ್ತ ಓಡಾಡುತ್ತಿದ್ದರು. ದೊಡ್ಡ ಮಗ ತಂದುಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಂಟಿನ ಸೊಪ್ಪು ಕೂತಿರುತ್ತಿತ್ತು. "ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಮ್ಮಾ" ಎಂದರೆ, "ಕೂತ್ರೆ ಎದ್ದೇಳಾಕ್ ಆಗಾಕಿಲ್ಲ ಕಣಪ್ಪಾ" ಎಂದು ಸೊಪ್ಪಿಗೆ ಇನ್ನೊಂದು ಸಲ ನೀರು ಚಿಮುಕಿಸುತ್ತಿದ್ದರು. ನಾವು ಮಾತಾಡುತ್ತಿದ್ದಂತೆಯೇ ಸರಕ್ಕನೆ ಹೋಗಿ ಮೂಲೆಯ ಟೊಮ್ಯಾಟೊ ಕ್ರೇಟನ್ನು ಒಂದು ಗೇಣು ಆಚೆ ಸರಿಸಿ ಬರುತ್ತಿದ್ದರು. ಬಂದು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಮಾತು ಶುರು. ಕ್ರೇಟನ್ನು ಯಾಕೆ ಸರಿಸಿದರು ಎಂದು ದೇವರಿಗೂ ಗೊತ್ತಿರಲಿಕ್ಕಿಲ್ಲ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, "ನನ್ ಎಸ್ರು ಯಾಕಪ್ಪಾ ಅಚ್ ಆಕ್ಸಿದೆ?" ಎಂದು ಜಗಳ ತೆಗೆದಾರು. ವಠಾರದ ಎಂಟು ಮನೆಯವರೂ ಅವರನ್ನು ಓನರಮ್ಮ ಎಂದೇ ಕರೆಯುತ್ತಿದ್ದೆವು. ನನಗೂ ಬಾಯಿಗೆ ಬರುವುದು ಅದೇ.

ರಾಜಗೋಪಾಲನಗರದಲ್ಲಿ ಈಗ ಲೇಥ್ ಮಷಿನ್‌ಗಳು ಕಿರುಚುವ ಶೆಡ್‌ಗಳಿವೆಯಲ್ಲ, ಅಂಥದ್ದೊಂದು ಜಾಗದಲ್ಲಿ ಅವರು ಮದುವೆಯಾಗಿ ಬಂದ ಹೊಸತರಲ್ಲಿ ರಾಗಿ ಕುಯ್ದಿದ್ದರಂತೆ. ಆಮೇಲೆ ಹೊಲ ಶೆಡ್ ಆಯಿತು, ಕಣ ವಠಾರ ಆಯಿತು. ಒಬ್ಬ ಮಗ ನೀರಿನ ಟ್ಯಾಂಕರ್ ಓಡಿಸುತ್ತಾನೆ, ಇನ್ನೊಬ್ಬ ಶೆಡ್‌ಗಳನ್ನು ನೋಡಿಕೊಳ್ಳುತ್ತಾನೆ. ಅಮ್ಮ ಬಾಗಿಲಲ್ಲಿ ನಿಂತು ಸೊಪ್ಪು ಮಾರುವುದು ಇಬ್ಬರಿಗೂ ಅವಮಾನ. "ಬಾಡಿಗೆ ಬರ್ತದಲ್ಲಮ್ಮ, ಇದ್ಯಾಕೆ?" ಎಂದು ದೊಡ್ಡವನು ನನ್ನ ಎದುರಿಗೇ ಕೂಗಾಡಿದ್ದ. ಓನರಮ್ಮ ಕೊತ್ತಂಬರಿ ಕಟ್ಟು ಬಿಡಿಸುತ್ತಾ, "ಬಾಡ್ಗೆ ತಾನಾಗೇ ಬತ್ತದೆ. ತಾನಾಗೇ ಬರೋದಕ್ಕೆ ನಾನ್ಯಾಕ್ಲಾ ಬೇಕು?" ಎಂದರು. ಅವನು ಬೈಕ್ ಹತ್ತಿದ. ಬೆಳಗ್ಗೆ ಮಾಕಳಿ ಕಡೆಯಿಂದ ಸೊಪ್ಪಿನ ಆಟೋ ಬರುವ ಮುಂಚೆಯೇ ಗೇಟಿನಲ್ಲಿ ನಿಂತಿರುತ್ತಿದ್ದ ಹೆಂಗಸಿಗೆ ಯಾರು ಏನು ಹೇಳಲಾದೀತು!

ಇನ್ನು ನನ್ನ ಕಥೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಮಷಿನ್‌ನಿಂದ ಬಂದ ಪೀಸ್‌ಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೂ ಕೆಂಪು ಡಬ್ಬಕ್ಕೆ ಎಸೆಯುವುದು ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದರೆ ಮನುಷ್ಯ ಏನಾಗುತ್ತಾನೋ ಅದೇ ಆಗಿದ್ದೇನೆ. ಸಾರಿನಲ್ಲಿ ಉಪ್ಪು ಜಾಸ್ತಿ, ಅಂಗಿಯ ಗುಂಡಿ ಓರೆ, ಗೋಡೆಯ ಕ್ಯಾಲೆಂಡರ್ ಸೊಟ್ಟ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದಾವಣಗೆರೆ ಕಡೆಯ ನಮ್ಮ ಮನೆಯವರೆಲ್ಲ ಹೀಗೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳೂ ಆ ಕಡೆಯವಳೇ, ಅದು ಬೇರೆ ಮಾತು.

ಒಂದು ಸಲ ಈ ಚಾಳಿಯನ್ನು ಓನರಮ್ಮನ ಸೊಪ್ಪಿನ ಮೇಲೂ ತೋರಿಸಿದ್ದೆ. ಮೆಂತ್ಯದ ಕಟ್ಟುಗಳನ್ನು ಮನೆಗೆ ತಂದು ತೂಗಿ ನೋಡಿದರೆ ಒಂದು ನೂರ ಎಂಬತ್ತು ಗ್ರಾಂ, ಇನ್ನೊಂದು ಇನ್ನೂರ ಅರವತ್ತು. ಹೋಗಿ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸೊಪ್ಪೇನು ನಿನ್ ಪ್ಯಾಕ್ಟ್ರಿ ಬೋಲ್ಟಾ? ಅದು ಬೆಳ್ಯಾ ವಸ್ತು ಕಣಪ್ಪಾ. ಒಂದಿನ ದಪ್ಪ, ಒಂದಿನ ಸಣ್ಣ."

"ಅಲ್ಲಮ್ಮಾ, ರೇಟ್ ಒಂದೇ ಅಲ್ವಾ?"

"ಅಂಗಾರೆ ನೀನು ದಪ್ಪಂದು ಆರಿಸ್ಕೊ. ಯಾರ್ ಬ್ಯಾಡ ಅಂದವ್ರೆ?"

ಅಷ್ಟು ವರ್ಷದಲ್ಲಿ ಯಾವ ಕಟ್ಟು ದಪ್ಪ ಎಂದು ನಾನು ಕೈಯಲ್ಲಿ ಹಿಡಿದು ನೋಡಿರಲೇ ಇಲ್ಲ.

ಮಗಳು ಸಿಂಚನ ಐದನೇ ಕ್ಲಾಸಿನಲ್ಲಿದ್ದಾಗ ಶುರುವಾದದ್ದು ಈ ಗಲಾಟೆ. ಗಣಿತದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ನಾಲ್ಕು ಬಂತು. ಡೈರಿಯಲ್ಲಿ ಮಿಸ್ಸು ಬರೆದು ಕಳಿಸಿದರು: ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಐದರಲ್ಲೇ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ. ಹೆಂಡತಿ ಗಾರ್ಮೆಂಟ್ಸ್‌ನಿಂದ ಬರುವುದು ಆರೂವರೆಗೆ. ನನ್ನದು ಬೆಳಗಿನ ಶಿಫ್ಟು, ಮೂರಕ್ಕೆಲ್ಲ ಮನೆಯಲ್ಲಿರುತ್ತೇನೆ. ಹಾಗಾಗಿ ಹೋಂವರ್ಕ್ ನನ್ನ ಪಾಲಿಗೆ ಬಂತು. ಪಾಠ ಯಾವುದು? ಯೂನಿಟ್ ಪ್ರೈಸ್. ಒಂದರ ಬೆಲೆ ಕಂಡುಹಿಡಿದು ಮಿಕ್ಕವುಗಳ ಬೆಲೆ ಹೇಳುವುದು. ಇದಕ್ಕಿಂತ ಸುಲಭದ್ದು ಇನ್ನೇನಿದೆ ಎಂದುಕೊಂಡು ಕೂತೆ.

"ಎಂಟು ಪೆನ್ಸಿಲ್‌ಗೆ ನಲವತ್ತೆಂಟು ರೂಪಾಯಿ. ಮೂರು ಪೆನ್ಸಿಲ್‌ಗೆ ಎಷ್ಟು? ಮೊದ್ಲು ಏನ್ ಮಾಡ್ಬೇಕು?"

"ಗುಣಿಸ್ಬೇಕು..." ನನ್ನ ಮುಖ ನೋಡಿದಳು. "ಭಾಗಿಸ್ಬೇಕು."

"ಯಾವುದ್ರಿಂದ?"

"ಮೂರರಿಂದ..." ಮತ್ತೆ ಮುಖ ನೋಡಿದಳು. "ಅಲ್ಲ ಅಲ್ಲ, ಎಂಟರಿಂದ."

ಉತ್ತರ ಸರಿ ಬರುತ್ತಿತ್ತು. ಆದರೆ ಬರುತ್ತಿದ್ದುದು ಪುಸ್ತಕದಿಂದಲ್ಲ, ನನ್ನ ಹುಬ್ಬಿನಿಂದ. ಹುಬ್ಬು ಗಂಟಿಕ್ಕಿದರೆ ತಪ್ಪು, ಬಿಟ್ಟರೆ ಸರಿ. ಪೆನ್ಸಿಲ್ ಕೈಯಲ್ಲೇ ಇರುತ್ತಿತ್ತು, ಕಣ್ಣು ಮಾತ್ರ ಹಾಳೆಯ ಮೇಲೆ ಇರುತ್ತಿರಲಿಲ್ಲ. ಪರೀಕ್ಷೆಗೆ ನನ್ನ ಮುಖ ಹೋಗಿ ಪಕ್ಕದಲ್ಲಿ ಕೂರುತ್ತದೆಯೇ? ಇದು ಗೊತ್ತಾದಷ್ಟೂ ನನಗೆ ತಲೆ ಕೆಡುತ್ತಿತ್ತು. ತಲೆ ಕೆಟ್ಟಷ್ಟೂ ಅವಳು ಇನ್ನೂ ಹೆಚ್ಚು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ದಿನ ಒಂದೇ ಲೆಕ್ಕಕ್ಕೆ ಕೂಡಬೇಕು, ಕಳೀಬೇಕು, ಗುಣಿಸಬೇಕು, ಭಾಗಿಸಬೇಕು ಎಂದು ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿ, ಯಾವುದಕ್ಕೆ ನನ್ನ ಮುಖ ಸಡಿಲವಾಗುತ್ತದೆ ಎಂದು ಕಾದಳು. ನಾನು ನೋಟ್‌ಬುಕ್ ಕಿತ್ತುಕೊಂಡು ಬಾಗಿಲಿನಿಂದಾಚೆ ಬೀಸಿ ಎಸೆದೆ.

ಅದು ಹೋಗಿ ಓನರಮ್ಮನ ಪಾಲಕ್ ಸೊಪ್ಪಿನ ಮೇಲೆ ಬಿತ್ತು. ಅವರು ಎತ್ತಿಕೊಂಡು, ಸೆರಗಿನಲ್ಲಿ ನೀರು ಒರೆಸುತ್ತಾ ನಮ್ಮ ಬಾಗಿಲಿಗೆ ಬಂದರು.

"ಸರಸೋತಿನ ಎಸೀತಾರೇನಪ್ಪಾ?"

ನಾನು ಕೈ ಚಾಚಿದೆ. ನನಗೆ ಕೊಡಲಿಲ್ಲ. ಒಳಗೆ ಗೋಡೆಗೆ ಒರಗಿ ನಿಂತಿದ್ದ ಸಿಂಚನಳನ್ನು ಕರೆದರು. "ಬಾ ಮಗಾ, ಅಣ್ಣು ಎಣಿಸ್ಕೊಡು ಬಾ. ನಂಗೊಬ್ಳಿಗೇ ಆಗ್ತಿಲ್ಲ." ಅವರಿಗೆ ಆಗುತ್ತಿರಲಿಲ್ಲ ಎನ್ನುವುದು ಶುದ್ಧ ಸುಳ್ಳು. ಮಗಳು ನನ್ನ ಮುಖ ನೋಡಿದಳು. ನಾನು ಹೋಗು ಎಂದೆ. ನಿಜ ಹೇಳಬೇಕೆಂದರೆ ಪೀಡೆ ಕಳೆದಂತಾಯಿತು.

ಆವತ್ತಿನಿಂದ ದಿನಾ ನಾಲ್ಕು ಗಂಟೆಗೆ ಅವಳು ಅಂಗಡಿಗೆ. ನಾನು ಕಿಟಕಿಯಲ್ಲಿ ನಿಂತು ಕದ್ದು ನೋಡುತ್ತಿದ್ದೆ. ಒಂದು ಅಕ್ಷರ ಬಾರದ ಹೆಂಗಸು ಅದೇನು ಹೇಳಿಕೊಡುತ್ತಾರೆ ಎಂಬ ಕುತೂಹಲ. ಹೇಳಿಕೊಡುವಂಥದ್ದೇನೂ ಕಾಣಲಿಲ್ಲ. ಓನರಮ್ಮ ಪ್ರಶ್ನೆ ಕೇಳಿ ತಿರುಗಿಬಿಡುತ್ತಿದ್ದರು. "ಅನ್ನೆಲ್ಡಕ್ಕೆ ಎಪ್ಪತ್ತೆಂಟು, ಒಂದಕ್ಕೆಷ್ಟವ್ವಾ?" ಎಂದು ಹನ್ನೆರಡು ಬಾಳೆಹಣ್ಣಿನ ಲೆಕ್ಕ ಕೇಳುತ್ತಲೇ ಅವರು ಬೀನ್ಸ್ ಮೂಟೆಯ ಹತ್ತಿರ. ಮಗಳು ಮುಖ ನೋಡೋಣವೆಂದರೆ ಮುಖ ಎಲ್ಲಿದೆ? ಬೆನ್ನು, ಸೆರಗು, ಜಾರಿದ ತುರುಬು. ಅವಳು ಹಿಂದೆ ಹಿಂದೆ ಓಡಿ ಎದುರಿಗೆ ಹೋಗುವಷ್ಟರಲ್ಲಿ ಇವರು ಈರುಳ್ಳಿಯ ಕಡೆ. ಒಂದು ಸಲ ಬೇಸತ್ತು, "ಅಜ್ಜೀ, ನಿಂತ್ಕೊಳ್ಳಿ ಒಂದ್ಸಲ!" ಎಂದು ಕೂಗಿದಳು.

"ನನ್ ಮೊಕದಾಗೆ ಏನ್ ಬರ್ದೈತೆ ಮಗಾ? ಅಣ್ಣು ಅಲ್ಲಿ ಅವೆ. ಅವನ್ನ ನೋಡು."

ಬೇರೆ ದಾರಿಯಿಲ್ಲದೆ ಅವಳು ಹಣ್ಣು ನೋಡಿದಳು.

ಓನರಮ್ಮನ ಲೆಕ್ಕದಲ್ಲಿ ಭಾಗಾಕಾರವೇ ಇರಲಿಲ್ಲ. ಅವರದು ಅರ್ಧ ಮಾಡುತ್ತಾ ಇಳಿಯುವ ಲೆಕ್ಕ. "ಅನ್ನೆಲ್ಡಕ್ಕೆ ಎಪ್ಪತ್ತೆಂಟಾ? ಆರಕ್ಕೆ ಮೂವತ್ತೊಂಬತ್ತು. ಮೂರಕ್ಕೆ ಇಪ್ಪತ್ತಾಗಾಕೆ ಎಂಟಾಣೆ ಕಮ್ಮಿ. ಒಂದಕ್ಕೆ ಆರೂವರೆ, ಆಯ್ತಲ್ಲ! ಓದ್ದೋರು ಮ್ಯಾಲಿಂದ ಒಂದೇ ಸಲಕ್ಕೆ ದುಮುಕ್ತಾರೆ. ನಾವು ಮೆಟ್ಲು ಇಳ್ಯಾ ಜನ." ಸಿಂಚನ ಬೆರಳು ಮಡಚಿ ಅವರ ಜೊತೆ ಮೆಟ್ಟಿಲು ಇಳಿಯುತ್ತಿದ್ದಳು. ತಪ್ಪಿದರೆ ಓನರಮ್ಮ ತಪ್ಪು ಎನ್ನುತ್ತಿರಲಿಲ್ಲ, "ಇನ್ನೊಂದ್ ಕಿತ ಇಳಿ" ಎನ್ನುತ್ತಿದ್ದರು, ಅದೂ ತಿರುಗಿ ನೋಡದೆ. ಮನೆಗೆ ಬರುವಾಗ ಮಗಳ ಕೈ ತುಂಬ ಕೊತ್ತಂಬರಿ ವಾಸನೆ, ಬಾಯಿ ತುಂಬ ಮಾತು. ನನ್ನ ಹೆಂಡತಿ ಹಿಗ್ಗಿ ಹೀರೆಕಾಯಿಯಾದಳು. ನಾನೂ ಒಳಗೊಳಗೆ ಹಿಗ್ಗಿದೆ, ಹೇಳಿಕೊಳ್ಳಲಿಲ್ಲ.

ಈಗ ಕೊಸರಿನ ವಿಷಯ ಹೇಳಬೇಕು. ಬಾಳೆಹಣ್ಣನ್ನು ಎಲ್ಲರೂ ಕೆ.ಜಿ. ಲೆಕ್ಕದಲ್ಲಿ ಮಾರುವ ಈ ಕಾಲದಲ್ಲೂ ಓನರಮ್ಮ ಪಚ್ಚಬಾಳೆಯನ್ನು ಡಜನ್ ಲೆಕ್ಕದಲ್ಲೇ ಕೊಡುತ್ತಿದ್ದರು. ಹನ್ನೆರಡು ಎಣಿಸಿ ಚೀಲಕ್ಕೆ ಹಾಕಿ, ಮೇಲೊಂದು ಇಡುತ್ತಿದ್ದರು. ಅದೇ ಕೊಸರು. ನಿಂಬೆಹಣ್ಣಿಗೂ ಕೊಸರು, ಬೀನ್ಸಿಗೆ ಒಂದು ಹಿಡಿ ಕೊಸರು, ಏನೂ ಕೊಳ್ಳದೆ ಬರೀ ರೇಟ್ ಕೇಳಿ ಹೋದವರಿಗೂ ಎರಡು ಎಸಳು ಕರಿಬೇವು. ಒಮ್ಮೆ ನನ್ನ ಹೆಂಡತಿ ದೊಡ್ಡ ಅಂಗಡಿಯಿಂದ ಎರಡು ಕೊಂಡರೆ ಒಂದು ಫ್ರೀ ಎನ್ನುವ ಸೋಪು ತಂದು ತೋರಿಸಿದಾಗ, ಓನರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎಷ್ಟು ಕೊಟ್ಟೆ ಎಂದು ಕೇಳಿ, ಮೂರಕ್ಕೆ ಹಂಚಿ, "ಒಂದಕ್ಕೆ ನಮ್ ಬೀದಿ ರೇಟೇ ಬಿತ್ತಲ್ಲವ್ವಾ. ಇದು ಪ್ರೀನೂ ಅಲ್ಲ, ಕೊಸರೂ ಅಲ್ಲ" ಎಂದು ವಾಪಸ್ ಕೊಟ್ಟಿದ್ದರು. ಹೆಂಡತಿಗೆ ಆ ಸೋಪು ಹಚ್ಚಿಕೊಳ್ಳುವ ಹುಮ್ಮಸ್ಸೇ ಹೋಯಿತು.

ಎರಡು ತಿಂಗಳಲ್ಲಿ ಸಿಂಚನ ನೂರಾರು ಡಜನ್ ಎಣಿಸಿ ಕೊಟ್ಟಿರಬೇಕು. ಆಮೇಲೆ ಇನ್ನೊಂದು ಟೆಸ್ಟ್ ಬಂತು. ಅದರಲ್ಲಿ ಐದು ಮಾರ್ಕಿನ ಲೆಕ್ಕ: ಒಂದು ಡಜನ್ ಬಾಳೆಹಣ್ಣಿಗೆ ಎಪ್ಪತ್ತೆಂಟು ರೂಪಾಯಿಯಾದರೆ ಐದು ಹಣ್ಣಿಗೆ ಎಷ್ಟು? ಅಂಗಡಿಯಲ್ಲಿ ಓನರಮ್ಮ ಕೇಳಿದ್ದು ಅನ್ನೆಲ್ಡಕ್ಕೆ. ಇಲ್ಲಿ ಕೇಳಿದ್ದು ಡಜನ್‌ಗೆ. ನನ್ನ ಮಗಳಿಗೆ ಡಜನ್ ಎಂದರೆ ಕೈಯಲ್ಲಿ ಗೊತ್ತಿದ್ದದ್ದು ಹದಿಮೂರು. ಎಪ್ಪತ್ತೆಂಟನ್ನು ಹದಿಮೂರರಿಂದ ಭಾಗಿಸಿದಳು. ವಿಧಿಯಾಟ ನೋಡಿ, ಶೇಷವಿಲ್ಲದೆ ಆರು ಬಂದುಬಿಟ್ಟಿತು. ಐದು ಹಣ್ಣಿಗೆ ಮೂವತ್ತು ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದಿದ್ದಳು. ಕೆಂಪು ಇಂಕಿನಲ್ಲಿ ದೊಡ್ಡ ಸೊನ್ನೆ. ಇಪ್ಪತ್ತೈದಕ್ಕೆ ಎಂಟು. ಪಾಸಿಗೆ ಒಂದು ಕಡಿಮೆ.

"ಹದಿಮೂರು ಎಲ್ಲಿಂದ ಬಂತು?"

"ಡಜನ್ ಅಪ್ಪಾ..." ಮುಖ ನೋಡಿದಳು. "ಶೇಷ ಸೊನ್ನೆ ಬಂತು, ಅದಕ್ಕೇ ಸರಿ ಅಂದ್ಕೊಂಡೆ."

ನನಗೆ ಮೈಯೆಲ್ಲ ಉರಿದುಹೋಯಿತು. ಪೇಪರ್ ಹಿಡಿದುಕೊಂಡು ನೆಟ್ಟಗೆ ಅಂಗಡಿಗೆ ಹೋದೆ. ಸಂಜೆ ಐದರ ಸಮಯ, ನಾಲ್ಕೈದು ಜನ ಗಿರಾಕಿಗಳಿದ್ದರು. ಇದ್ದರೆ ಇರಲಿ ಎಂದು ನಾಲಿಗೆ ಹರಿಬಿಟ್ಟೆ.

"ನಿಮಗೆ ಡಜನ್ ಅಂದ್ರೆ ಎಷ್ಟು ಅಂತಾನೂ ಗೊತ್ತಿಲ್ಲ. ಗೊತ್ತಿಲ್ದೋರು ಮಕ್ಕಳ ತಲೆ ಯಾಕ್ರೀ ಕೆಡಿಸ್ತೀರಾ? ನನ್ನ ಮಗಳು ಐದರಲ್ಲೇ ಕೂತ್ರೆ ನಿಮ್ಮ ಬಾಳೆಹಣ್ಣು ಬಂದು ಪಾಸ್ ಮಾಡ್ಸುತ್ತಾ?"

ಓನರಮ್ಮ ನಿಂತರು. ಅಂದರೆ ನಿಜವಾಗಿ ನಿಂತರು. ಕೈಯಲ್ಲಿ ನೀರಿನ ಚೊಂಬು ಹಾಗೇ ಇತ್ತು, ಚಿಮುಕಿಸಲಿಲ್ಲ. ಕಾಲು ಕದಲಿಸಲಿಲ್ಲ. ಒಂಬತ್ತು ವರ್ಷದಲ್ಲಿ ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ. "ಅಂಗಾ" ಎಂದರು ಅಷ್ಟೇ. ಆಮೇಲೆ ಒಬ್ಬ ಗಿರಾಕಿಗೆ ಬೀನ್ಸ್ ತೂಗಿದರು. ನಾನು ತಿರುಗಿದರೆ ಸಿಂಚನ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಮಾರನೆಯ ದಿನ ನನ್ನ ಹೆಂಡತಿ ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು, "ಹನ್ನೆರಡೇ ಕೊಟ್ರು. ಎರಡು ಸಲ ಎಣಿಸಿ ಕೊಟ್ರು" ಎಂದಳು. ಅದರ ಮಾರನೆಯ ದಿನ ಬೀನ್ಸು ಕಾಲು ಕೆ.ಜಿ. ಎಂದರೆ ಕಾಲೇ ಕೆ.ಜಿ., ತಕ್ಕಡಿಯ ಮುಳ್ಳು ಅಲುಗಾಡದ ಹಾಗೆ. ಕರಿಬೇವು ಇಲ್ಲ. ಎಂಟು ಮನೆಯಲ್ಲಿ ಏಳು ಮನೆಗೆ ಕೊಸರು, ನಮಗೆ ಮಾತ್ರ ಅಳತೆ. ನಾನು ಇಪ್ಪತ್ತು ವರ್ಷದಿಂದ ಲೋಕಕ್ಕೆಲ್ಲ ಬೇಕು ಎಂದು ಹಟ ಹಿಡಿದಿದ್ದ ಕರಾರುವಾಕ್ಕು ಅಳತೆ ಅದೇ. ಅದು ಮನೆಗೆ ಬಂದಾಗ ನನಗೇ ಬೇಡವಾಯಿತು.

"ಮಿಕ್ಕ ಲೆಕ್ಕ ನೋಡಿದ್ರೇನ್ರೀ?" ಎಂದಳು ಹೆಂಡತಿ, ಪೇಪರ್ ನನ್ನ ಮುಂದೆ ಹಿಡಿದು. "ಹೋದ ಸಲ ನಾಲ್ಕು, ಈ ಸಲ ಎಂಟು. ಆ ಎಂಟು ಯಾರು ಕೊಟ್ಟಿದ್ದು? ನೀವಾ?"

ನಾನು ಆ ಹದಿಮೂರನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಆದರೂ ಜಂಭ ಬಿಡಬೇಕಲ್ಲ! ಪರೀಕ್ಷೆಗೆ ಐದು ವಾರ ಇತ್ತು. ನಾನೇ ಹೇಳಿಕೊಡುತ್ತೇನೆ ಎಂದು ಮತ್ತೆ ಕೂತೆ. ಈ ಸಲ ಕೂಗುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದೆ, ಕೂಗಲೂ ಇಲ್ಲ. ಹಲ್ಲು ಕಚ್ಚಿ ಹಿಡಿದು ಮೆತ್ತಗೆ ಮಾತಾಡಿದೆ. ಸಿಂಚನ ನನ್ನ ಕಚ್ಚಿದ ಹಲ್ಲನ್ನು ನೋಡುತ್ತಾ ಕೂತಳು. ಮೆಟ್ಟಿಲು ಇಳಿಯುವುದನ್ನೇ ಮರೆತಿದ್ದಳು. ಮೂರು ವಾರ ಹೀಗೇ ಹೋಯಿತು. ನನಗೋ ಕೂತರೆ ನಿಂತರೆ ಅದೇ ಚಿಂತೆ. ಕಾರ್ಖಾನೆಯಲ್ಲಿ ಒಂದು ಸಲ ಒಳ್ಳೆಯ ಪೀಸ್‌ಗಳ ಟ್ರೇಯನ್ನೇ ಕೆಂಪು ಡಬ್ಬಕ್ಕೆ ಸುರಿದುಬಿಟ್ಟೆ. ಆ ಸಂಜೆ ಮಗಳ ಮುಂದೆ ಏನೋ ಒಂದು ಲೆಕ್ಕ ಇಟ್ಟೆ. ಅವಳು ತುಂಬ ವಿನಯವಾಗಿ ಕೇಳಿದಳು.

"ಅಪ್ಪಾ, ನಿಮಗೆ ಯಾವ ಉತ್ತರ ಬೇಕು?"

ಅವಳು ಅಧಿಕಪ್ರಸಂಗ ಮಾಡುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ಪುಸ್ತಕ ಮುಚ್ಚಿದೆ. ಐದರಲ್ಲೇ ಉಳಿದರೆ ಉಳಿಯಲಿ, ಒಂದು ವರ್ಷ ಹೋಗುತ್ತದೆ, ಆದರೆ ಇದು ಹೀಗೇ ಮುಂದುವರಿದರೆ ಈ ಹುಡುಗಿ ಜೀವಮಾನವಿಡೀ ಯಾರಾದರೊಬ್ಬರ ಮುಖ ನೋಡಿಯೇ ಉತ್ತರ ಹೇಳುತ್ತಾಳಲ್ಲ ಎಂದು ಆಗ ಹೆದರಿಕೆಯಾಯಿತು. ಹಾಗೆ ಮಾಡಿದವನು ನಾನೇ ಎಂದು ನಾಚಿಕೆಯೂ ಆಯಿತು.

ಭಾನುವಾರ ಬೆಳಗ್ಗೆ ಅವಳ ಕೈ ಹಿಡಿದುಕೊಂಡು ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಬೈದದ್ದು ಜನರ ಮುಂದೆ, ಕ್ಷಮೆಯೂ ಅಲ್ಲೇ ಕೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ.

"ತಪ್ಪಾಯ್ತು ಅಮ್ಮಾ. ಆವತ್ತು ಹಂಗೆ ಮಾತಾಡಬಾರದಿತ್ತು. ಮಗೂಗೆ ಮತ್ತೆ ಹೇಳಿಕೊಡಿ."

ಓನರಮ್ಮ ಸೋರೆಕಾಯಿಗಳನ್ನು ಎಡಗಡೆಯಿಂದ ಬಲಗಡೆಗೆ ಜೋಡಿಸುತ್ತಿದ್ದರು. ಜೋಡಿಸಿ ಮುಗಿಸಿ ಹೇಳಿದರು, "ತಪ್ಪು ನಂದೂ ಐತೆ. ಇಸ್ಕೂಲ್ನಾಗೆ ಕೊಸರು ಇಲ್ಲ ಅಂತ ನಂಗೇನ್ ಗೊತ್ತು?" ಅವರು ಚೊಂಬನ್ನು ನನ್ನ ಕೈಗೆ ಕೊಟ್ಟರು. "ಇಲ್ಲೇ ನಿಂತ್ಕೊ. ನಾನೊಂದ್ ಗಳ್ಗೆ ವೋಗ್ ಬತ್ತೀನಿ." ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಗೇಟು ದಾಟಿ ಆಗಿತ್ತು.

ನನ್ನ ಅವಸ್ಥೆ ಯಾರಿಗೂ ಬೇಡ. ಆರು ತಿಂಗಳ ಟ್ರೈನಿಂಗ್ ಇಲ್ಲದೆ ಮಷಿನ್ ಮುಟ್ಟಲು ಬಿಡದ ನಾನು, ಏನೂ ಗೊತ್ತಿಲ್ಲದ ಅಂಗಡಿಯಲ್ಲಿ ನಿಂತಿದ್ದೆ. ಒಬ್ಬಾಕೆ ಡಜನ್ ಹಣ್ಣು ಕೇಳಿದರು, ಹನ್ನೆರಡು ಎಣಿಸಿ ಕೊಟ್ಟೆ. ಆಕೆ ಹೋಗಲಿಲ್ಲ, ಚೀಲದ ಬಾಯಿ ತೆರೆದುಕೊಂಡೇ ನಿಂತರು. ನನಗೆ ಅರ್ಥವಾಗಲಿಲ್ಲ. ಸಿಂಚನ ಪಕ್ಕದಿಂದ ಇನ್ನೊಂದು ಹಣ್ಣು ತೆಗೆದು ಹಾಕಿದ ಮೇಲೆ ಆಕೆ ಚೀಲ ಮುಚ್ಚಿದರು. ಇನ್ನೊಬ್ಬ, ಯಾವುದೋ ಶೆಡ್‌ನಲ್ಲಿ ಕೆಲಸ ಮಾಡುವವನು, ಎಂಟು ಹಣ್ಣು ಕೇಳಿದ. ಡಜನ್‌ಗೆ ಎಪ್ಪತ್ತೆರಡು. ನಾಲ್ಕು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನಲವತ್ತಾರು" ಎಂದೆ.

"ನಲವತ್ತೆಂಟು ಅಪ್ಪಾ" ಎಂದಳು ಸಿಂಚನ. ಹಣ್ಣಿನ ಮೇಲೆಯೇ ಕಣ್ಣಿಟ್ಟು, ಬೆರಳು ಮಡಚುತ್ತಾ. "ಆರಕ್ಕೆ ಮೂವತ್ತಾರು, ಎರಡಕ್ಕೆ ಹನ್ನೆರಡು."

ಹೇಳಿದ ಮೇಲೆ ಗಾಬರಿಯಾಗಿ ನನ್ನ ಕಡೆ ತಿರುಗಿದಳು. ಆ ಶೆಡ್ಡಿನ ಹುಡುಗ ನಗುತ್ತಾ, "ಸಾರ್, ನೀವು ಹೇಳಿದ್ ರೇಟೇ ಇರ್ಲಿ ಬಿಡಿ" ಎಂದ. ನಾನೂ ನಕ್ಕೆ. ಇಷ್ಟು ಜನರ ಮುಂದೆ ನಾನು ತಪ್ಪಿದ್ದೆ, ಆಕಾಶ ಕಳಚಿ ಬೀಳಲಿಲ್ಲ. ನಾನು ನಕ್ಕದ್ದು ನೋಡಿ ಅವಳೂ ನಕ್ಕಳು. ಎಷ್ಟು ದಿನವಾಗಿತ್ತು ಅವಳು ನನ್ನ ಜೊತೆ ನಕ್ಕು!

ಓನರಮ್ಮ ಬಂದದ್ದು ಮುಕ್ಕಾಲು ಗಂಟೆಯ ನಂತರ. ಎಲ್ಲಿ ಹೋಗಿದ್ದಿರಿ ಎಂದರೆ, "ಎಲ್ಗೂ ಇಲ್ಲ, ಅಂಗೇ ಒಂದ್ ಸುತ್ತು" ಎಂದರು. ಸಿಂಚನ ಅವರ ಸೆರಗು ಹಿಡಿದುಕೊಂಡು ಮೂರು ವಾರದಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿದಳು. "ಅಜ್ಜೀ, ಪರೀಕ್ಷೆಯಲ್ಲಿ ಕೊಸರು ಹಾಕಿ ಲೆಕ್ಕ ಮಾಡ್ಬೇಕಾ, ಬಿಟ್ಟು ಮಾಡ್ಬೇಕಾ?"

"ಬಿಟ್ಟು ಮಾಡವ್ವಾ. ಕೊಸರಿಗೂ ಲೆಕ್ಕ ಆಕುದ್ರೆ ಅದು ಕೊಸರೆಂಗಾಯ್ತದೆ?" ಎಂದು ಹೇಳಿ ಕ್ರೇಟ್ ಸರಿಸಲು ಹೋದರು.

ವಾರ್ಷಿಕ ಪರೀಕ್ಷೆಯಲ್ಲಿ ಸಿಂಚನ ಪಾಸಾದಳು. ಭಾರಿ ಮಾರ್ಕೇನಲ್ಲ, ನೂರಕ್ಕೆ ನಲವತ್ತೆರಡು. ಇಡೀ ವಠಾರಕ್ಕೆ ಮೈಸೂರು ಪಾಕು ಹಂಚಿದೆವು. ಓನರಮ್ಮ ತುಂಡು ಮುರಿದು ಬಾಯಿಗೆ ಹಾಕಿಕೊಂಡು ಮಾರ್ಕು ಎಷ್ಟು ಎಂದು ಕೇಳಲೇ ಇಲ್ಲ. ಮಗಳನ್ನು ಕೇಳಿದ್ದು ಬೇರೆ.

"ನಿಮ್ಮಪ್ಪ ಈಗ ಬಯ್ಯಾಕಿಲ್ವಾ?"

ಸಿಂಚನ ನನ್ನ ಮುಖ ನೋಡಿದಳು. ಆಮೇಲೆ, "ಇಲ್ಲ ಅಜ್ಜಿ" ಎಂದಳು.

ಓನರಮ್ಮ ನನ್ನನ್ನೂ ನೋಡಿದರು, ಅವಳನ್ನೂ ನೋಡಿದರು. ಸೊಪ್ಪಿಗೆ ನೀರು ಚಿಮುಕಿಸಿದರು. ಯಾರಾದರೂ ನನ್ನ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಪಾಸಾಗಿದ್ದು ಗಣಿತದಲ್ಲಿ ಮಾತ್ರ ಎಂದು ನನಗೆ ತಿಳಿಯಿತು. ಅದಾದ ಮೇಲೆ ಹೋಂವರ್ಕಿಗೆ ಕೂರುವಾಗ ನಾನು ಅವಳ ಎದುರಿಗೆ ಕೂರುವುದನ್ನು ಬಿಟ್ಟೆ. ಬಟ್ಟೆ ಮಡಚುವುದೋ, ಪಾತ್ರೆ ತೊಳೆಯುವುದೋ, ಏನಾದರೊಂದು ನೆಪ ಮಾಡಿಕೊಂಡು ಅವಳಿಗೆ ಬೆನ್ನು ಹಾಕಿ ಪ್ರಶ್ನೆ ಕೇಳುತ್ತಿದ್ದೆ. ಓನರಮ್ಮನಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ನಾನು ಆಗಾಗ ತಿರುಗಿಬಿಡುತ್ತಿದ್ದೆ.

ಅವರು ಹೋದದ್ದು ಒಂದು ಮಂಗಳವಾರ. ಬೆಳಗ್ಗೆ ಸೊಪ್ಪಿನ ಆಟೋ ಬಂದಾಗ ಗೇಟಿನಲ್ಲಿ ಯಾರೂ ಇರಲಿಲ್ಲವಂತೆ, ಆಟೋದವನು ಒಳಗೆ ಹೋಗಿ ಕರೆದನಂತೆ. ನಾನು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ವಠಾರದ ಮುಂದೆ ಶಾಮಿಯಾನ ಹಾಕಿದ್ದರು. ಕುರ್ಚಿಯ ಮೇಲಿನ ಸೊಪ್ಪು ತೆಗೆದು ಯಾರೋ ಹಿರಿಯರನ್ನು ಕೂರಿಸಿದ್ದರು. ಸಿಂಚನ ಸ್ಕೂಲಿನಿಂದ ಬಂದು ಯೂನಿಫಾರ್ಮಿನಲ್ಲೇ ಮನೆಯೊಳಗೆ ನಿಂತಿದ್ದಳು. ಆರನೇ ಕ್ಲಾಸು ಈಗ, ಮಾರನೆಯ ದಿನ ಗಣಿತದ ಟೆಸ್ಟ್ ಇತ್ತು. ಅತ್ತು ಅತ್ತು ಮುಖ ಊದಿತ್ತು.

ನನಗೆ ಏನು ತೋಚುತ್ತದೆ? ಹಳೇ ಚಾಳಿ. "ನೀನು ಹೋಗೋದು ಬೇಡ. ಮಕ್ಕಳು ನೋಡೋ ಅಂಥದ್ದಲ್ಲ ಅದು. ನಾಳೆ ಟೆಸ್ಟ್ ಇದೆ, ಓದ್ಕೋ ಹೋಗು" ಎಂದೆ. ಮಾತು ಸ್ವಲ್ಪ ಗಡುಸಾಗಿಯೇ ಬಂತು.

ಅವಳು ಬಾಗಿಲ ಕಡೆ ಮುಖ ಮಾಡಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನಿಲ್ಲುತ್ತಾಳೆ, ತಿರುಗುತ್ತಾಳೆ, ನಾನು ಹುಬ್ಬು ಗಂಟಿಕ್ಕಿದ್ದೇನೋ ಇಲ್ಲವೋ ನೋಡುತ್ತಾಳೆ, ಚಪ್ಪಲಿ ಬಿಚ್ಚುತ್ತಾಳೆ. ಅವಳು ತಿರುಗುವ ಮುಂಚೆ ಮುಖ ಸರಿಮಾಡಿಕೊಳ್ಳೋಣ ಎಂದು ಒದ್ದಾಡುತ್ತಿದ್ದೆ.

"ನಾನು ಹೋಗ್ತೀನಿ ಅಪ್ಪಾ" ಎಂದಳು. "ಬಂದು ಓದ್ಕೋತೀನಿ."

ಅಷ್ಟು ಹೇಳಿ ನಡೆದುಬಿಟ್ಟಳು. ತಿರುಗಲೇ ಇಲ್ಲ.